ಕೇಳುವ ಮರ್ಯಾದೆ

ಲಿಂಗದಹಳ್ಳಿಯ ಮದುವೆಮನೆಯಲ್ಲಿ ವಾಲಗದ ಹಿರಿಯರೊಬ್ಬರು ಸ್ಯಾಕ್ಸೋಫೋನ್ ನುಡಿಸುತ್ತಿದ್ದರು. ನಾನು ಸೀರೆಯಂಚಿನ ಮಾತಿನಲ್ಲಿ ಮುಳುಗಿದ್ದೆ.

ನಾಗಸ್ವರದ ಮನೆತನದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮನಸೋತ ಈ ವಾದ್ಯವನ್ನು ನಮ್ಮ ರಾಗಗಳಿಗೆ ಒಗ್ಗಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ದೊಡ್ಡ ಆರ್ಕೆಸ್ಟ್ರಾಗಳು ನುಡಿಸುವ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ, ಟಿಕೆಟು ಕೊಂಡು ಬಂದವರ ಮುಂದೆ ಅದನ್ನೇ ನುಡಿಸಿದರು.

ಹಾಗಾದರೆ ನಾವು ಗೌರವಿಸುವುದು ಸಂಗೀತವನ್ನೋ, ವೇದಿಕೆಯನ್ನೋ? ಹೋಟೆಲಿನ ಸಾರನ್ನು ಹೊಗಳಿ, ನಮ್ಮ ಕೈಯಡುಗೆಯನ್ನು ಮಾತಿಲ್ಲದೆ ಉಂಡೇಳುವವರ ಮೇಲೆ ನಮಗೆಷ್ಟು ಮುನಿಸು! ವಾಲಗದವರಿಗೆ ನಾವು ಮಾಡುವುದೂ ಅದನ್ನೇ ಅಲ್ಲವೆ?

ಊಟಕ್ಕೆ ಹೊರಟವಳು ತಿರುಗಿ ಬಂದು, “ಚೆನ್ನಾಗಿ ನುಡಿಸಿದ್ರಿ” ಎಂದೆ.

“ಕೇಳಿದ್ರಾ ತಾಯೀ?” ಎಂದರು.

ಸುಳ್ಳು ಹೇಳಲಾಗದೆ ತಲೆ ತಗ್ಗಿಸಿದೆ. “ಹಾಗಾದ್ರೆ ಕೂತ್ಕೊಳ್ಳಿ” ಎಂದು ಮತ್ತೆ ನುಡಿಸಿದರು. ಆ ದಿನ ನನಗೆ ಮೊದಲ ಪಂಕ್ತಿಯ ಊಟ ತಪ್ಪಿತು.