ಒಂದು ಹನಿಯ ವೀಸ

ನಾನು ಓಡಲು ಹೊರಡುವುದು ಆರು ಗಂಟೆಗೆ, ಏಳುವುದು ನಾಲ್ಕೂ ಮುಕ್ಕಾಲಿಗೆ. ನಡುವಿನ ಈ ಒಂದೂಕಾಲು ಗಂಟೆ ಮೂರು ತಿಂಗಳ ಹಿಂದೆ ನನಗಿರಲಿಲ್ಲ. ಆಗೆಲ್ಲ ಎದ್ದವಳೇ ಎರಡು ಬಾಳೆಹಣ್ಣು ತಿಂದು, ಶೂ ಕಟ್ಟಿಕೊಂಡು ಓಡುತ್ತಿದ್ದೆ. ಈಗ ಎದ್ದ ಕೂಡಲೇ ಸೊಂಟದಲ್ಲಿರುವ ಪಂಪನ್ನು ಕೈಗೆ ತೆಗೆದುಕೊಂಡು, ಇನ್ಸುಲಿನ್ನನ್ನು ಅರ್ಧಕ್ಕೆ ಇಳಿಸಿ, ಹಿತ್ತಿಲ ಮೆಟ್ಟಿಲ ಮೇಲೆ ಬಂದು ಕೂರುತ್ತೇನೆ. ಮೈಸೂರಿಗೆ ಇನ್ನೂ ಬೆಳಗಾಗಿರುವುದಿಲ್ಲ. ಒಳಗೆ ಅಮ್ಮ ಎದ್ದ ಸದ್ದು ಕೇಳುತ್ತದೆ.

"ಇಳಿಸಿದ್ಯಾ?"

"ಇಳಿಸ್ದೆ ಅಮ್ಮ."

ನಮ್ಮ ಮನೆಯಲ್ಲಿ ದಿನ ಶುರುವಾಗುವುದು ಈ ಎರಡು ಮಾತಿನಿಂದ.

ಸಕ್ಕರೆ ಕಾಯಿಲೆ ಇಲ್ಲದವರು ಓಡತೊಡಗಿದರೆ ಮೇದೋಜ್ಜೀರಕ ಗ್ರಂಥಿ ನಿಮಿಷಗಳಲ್ಲೇ ಇನ್ಸುಲಿನ್ ಬಿಡುವುದನ್ನು ತಗ್ಗಿಸುತ್ತದೆ. ಯಾರೂ ಹೇಳಿಕೊಡಬೇಕಿಲ್ಲ. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ತಾನೇ ರಕ್ತದಿಂದ ಸಕ್ಕರೆ ಎಳೆದುಕೊಳ್ಳಬಲ್ಲದು. ಅದರ ಜೊತೆಗೆ ಇನ್ಸುಲಿನ್ನೂ ಸೇರಿಕೊಂಡರೆ ಸಕ್ಕರೆ ಕುಸಿಯುತ್ತದೆ ಎಂಬುದು ದೇಹಕ್ಕೆ ಗೊತ್ತು. ನನ್ನಂಥ ಟೈಪ್ 1ನವರ ದೇಹಕ್ಕೂ ಗೊತ್ತಿರಬಹುದು, ಆದರೆ ಅದರ ಕೈಯಲ್ಲಿ ಏನೂ ಇಲ್ಲ. ಚರ್ಮದ ಕೆಳಗೆ ಇಳಿದ ಇನ್ಸುಲಿನ್ನನ್ನು ವಾಪಸ್ ಕರೆಯಲಾಗದು. ಬೇಗ ಕೆಲಸ ಮಾಡುವ ಇನ್ಸುಲಿನ್ ಕೂಡ ಪೂರ್ತಿ ಬಲಕ್ಕೆ ಬರಲು ಒಂದರಿಂದ ಎರಡು ಗಂಟೆ ಬೇಕು, ಇಳಿದು ಹೋಗಲು ಮೂರು ನಾಲ್ಕು ಗಂಟೆ. ಹಾಗಾಗಿ ಆರು ಗಂಟೆಯ ಓಟಕ್ಕೆ ಬೇಕಾದುದನ್ನು ಐದಕ್ಕೆ ಮೊದಲೇ ಮಾಡಿಟ್ಟು, ಆಮೇಲೆ ಸುಮ್ಮನೆ ಕಾಯಬೇಕು.

ಇಂಜೆಕ್ಷನ್ನಿನ ಕಾಲದಲ್ಲಿ ಇದೂ ಸಾಧ್ಯವಿರಲಿಲ್ಲ. ಹಿಂದಿನ ರಾತ್ರಿ ಚುಚ್ಚಿಕೊಂಡ ದೀರ್ಘಾವಧಿಯ ಇನ್ಸುಲಿನ್ ಬೆಳಗ್ಗೆ ನಾನು ಮಲಗಿದ್ದರೂ ಓಡಿದರೂ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಆ ಬಾಳೆಹಣ್ಣು ಹಸಿವೆಗಲ್ಲ, ಇನ್ಸುಲಿನ್ನಿಗೆ ಉಣಿಸಲು. ಏಳು ವರ್ಷ ನಾನು ಹಾಗೆ ಓಡಿದೆ. ಹೊಟ್ಟೆ ಭಾರವಾಗಿಯೇ ಓಡಿದೆ. ಇನ್ನಷ್ಟು ತಿನ್ನುವ ಬದಲು ಇನ್ಸುಲಿನ್ನನ್ನೇ ಕಡಿಮೆ ಮಾಡಿ ಓಡಬಹುದು ಎಂಬುದು ಪಂಪು ನನಗೆ ಕೊಟ್ಟ ಹೊಸ ಸಂಗತಿ.

ಎಷ್ಟು ಕಡಿಮೆ? ಇದನ್ನು ಯೋಚಿಸುತ್ತ ಮೆಟ್ಟಿಲ ಮೇಲೆ ಎಷ್ಟೋ ಬೆಳಗು ಕಳೆದಿದ್ದೇನೆ. ಪಂಪಿಗೆ ತುಂಬುವ ಇನ್ಸುಲಿನ್‌ನಲ್ಲಿ ಒಂದು ಮಿಲಿಲೀಟರಿಗೆ 100 ಯೂನಿಟ್. ಒಂದು ನೀರಿನ ಹನಿ ಸುಮಾರು 0.05 ಮಿಲಿಲೀಟರ್, ಅಂದರೆ ಒಂದು ಹನಿಯಲ್ಲಿ ಐದು ಯೂನಿಟ್. ನನಗೆ ಇಡೀ ದಿನಕ್ಕೆ ಬೇಕಾಗುವುದು ಆರು ಹನಿ. ಊಟದ ಲೆಕ್ಕ ಬಿಟ್ಟು, ಈ ಹೊತ್ತಿನಲ್ಲಿ ಪಂಪು ಹಗುರವಾಗಿ ಬಿಡುತ್ತಲೇ ಇರುವುದು ಗಂಟೆಗೆ 0.6 ಯೂನಿಟ್. ಅದರಲ್ಲಿ ಅರ್ಧವನ್ನು ನಾನು ತಡೆಯುತ್ತೇನೆ. ಗಂಟೆಗೆ ತಡೆದದ್ದು ಒಂದು ಹನಿಯ ಸುಮಾರು ಹದಿನಾರರಲ್ಲಿ ಒಂದು ಪಾಲು. ನಮ್ಮ ಅಜ್ಜಿಯ ಲೆಕ್ಕದಲ್ಲಿ ಇದಕ್ಕೊಂದು ಹೆಸರೇ ಇತ್ತು: ವೀಸ. ಹತ್ತು ಕಿಲೋಮೀಟರ್ ಓಡಿ ನಗುತ್ತ ಮನೆಗೆ ಬರುವುದಕ್ಕೂ, ದಾರಿಯಲ್ಲಿ ಕಾಲು ನಡುಗಿ ಕೂರುವುದಕ್ಕೂ ನಡುವೆ ಇರುವುದು ಒಂದು ಹನಿಯ ವೀಸ.

ಆ ನಡುಕವನ್ನು ಪಂಪು ಹಾಕಿಸಿಕೊಂಡ ಎರಡನೆಯ ವಾರ ಕಂಡೆ. ಒಂದು ಗಂಟೆ ಮೊದಲೇ ಇಳಿಸಬೇಕೆಂದು ಡಾಕ್ಟರ್ ಹೇಳಿದ್ದರು. ನಾನು ಕುಕ್ಕರಹಳ್ಳಿ ಕೆರೆಯ ಗೇಟಿನ ಹತ್ತಿರ ನಿಂತು ಇಳಿಸಿ, ಹಾಗೇ ಓಡಿದೆ. ಬಾಳೆಹಣ್ಣಿಲ್ಲದ ಹೊಟ್ಟೆ ಹಗುರವಾಗಿತ್ತು. ಮೊದಲ ಸುತ್ತು ಹಕ್ಕಿಯ ಹಾಗೆ ಮುಗಿಯಿತು. ಎರಡನೆಯ ಸುತ್ತಿನಲ್ಲಿ ತುಟಿ ಜುಮುಗುಟ್ಟಿತು. ಕೆರೆಯ ನೀರಿನ ಮೇಲಿದ್ದ ಹೆಜ್ಜಾರ್ಲೆಗಳು ಒಂದರೊಳಗೊಂದು ಕಲೆಸಿಹೋದವು. ಸಕ್ಕರೆ ತೋರಿಸುವ ತೋಳಿನ ಸೆನ್ಸರ್ 94 ಎನ್ನುತ್ತಿತ್ತು. ಬೆರಳು ಚುಚ್ಚಿ ನೋಡಿದರೆ 61. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಓಡುವಾಗ ಸಕ್ಕರೆ ಸರಸರನೆ ಇಳಿದರೆ ಅದು ಹತ್ತು ನಿಮಿಷ ಹಿಂದಿನ ಸುದ್ದಿಯನ್ನು ಹೇಳುತ್ತಿರುತ್ತದೆ.

ಕಲ್ಲಿನ ಬೆಂಚಿನ ಮೇಲೆ ಕೂತು ಗ್ಲೂಕೋಸ್ ಪುಡಿಯನ್ನು ಬಾಯಿಗೆ ಸುರಿದುಕೊಂಡೆ. ದಿನಾ ಎದುರಾಗುವ ಯಜಮಾನರೊಬ್ಬರು ಬಂದು ನಿಂತರು. ನಾನು ಏಳಲು ಹೋದೆ. "ಕೂತ್ಕೋ ತಾಯಿ, ಕೂತ್ಕೋ," ಎಂದರು. 15 ಗ್ರಾಂ ಸಕ್ಕರೆ, 15 ನಿಮಿಷ ಕಾಯುವುದು. ನಾನು ಚಿಕ್ಕಂದಿನಿಂದ ಕಲಿತ ಪಾಠ ಅದು. ಆ 15 ನಿಮಿಷವೂ ಅವರು ಕೋಲೂರಿಕೊಂಡು ನಿಂತೇ ಇದ್ದರು, ಏನಾಯಿತೆಂದು ಕೇಳಲಿಲ್ಲ. ಕೊನೆಗೆ, "ಮುಖಕ್ಕೆ ಬಣ್ಣ ಬಂತು ನೋಡು," ಎಂದು ಹೇಳಿ ತಮ್ಮ ದಾರಿ ಹಿಡಿದರು. ಮರುದಿನದಿಂದ ನಾನು ನಾಲ್ಕೂ ಮುಕ್ಕಾಲಿಗೆ ಏಳತೊಡಗಿದೆ.

ಆಮೇಲೂ ಕಲಿಯುವುದು ಬೇಕಾದಷ್ಟಿತ್ತು. ಕೆಲವರು ಓಟಕ್ಕೆ ಮುಂಚೆ ಮುಕ್ಕಾಲು ಪಾಲು ಇಳಿಸುತ್ತಾರೆ. ಬೆಳಗಿನ ಜಾವ ಕಾರ್ಟಿಸೋಲ್‌ನಂಥ ಹಾರ್ಮೋನುಗಳು ಸಕ್ಕರೆಯನ್ನು ತಾವಾಗಿ ಏರಿಸುವುದರಿಂದ ನನಗೆ ಅರ್ಧವೇ ಸರಿ. ಚಾಮುಂಡಿ ಬೆಟ್ಟದ ಏರಿನಲ್ಲಿ ಜೋರಾಗಿ ಓಡಿದರೆ ಸಕ್ಕರೆ ಇಳಿಯುವ ಬದಲು ಏರುತ್ತದೆ, ಅಡ್ರಿನಲಿನ್ ನುಗ್ಗಿ ಲಿವರ್ ತನ್ನ ಉಗ್ರಾಣ ತೆರೆದುಬಿಡುತ್ತದೆ. ಆಗ ಗಾಬರಿಯಾಗಿ ಇನ್ಸುಲಿನ್ ಹಾಕಿಕೊಂಡರೆ ಕೆಟ್ಟೆವು. ಬೆವರಿಗೆ ಪ್ಲಾಸ್ಟರ್ ಕಿತ್ತುಬರುತ್ತದೆ. ಮೂರು ದಿನಕ್ಕೊಮ್ಮೆ ಪಂಪಿನ ಟ್ಯೂಬು ಚುಚ್ಚುವ ಜಾಗ ಬದಲಿಸಬೇಕು. ಅಡುಗೆಮನೆ ಬಾಗಿಲಿನ ಚಿಲಕಕ್ಕೆ ಪಂಪಿನ ಟ್ಯೂಬು ಸಿಕ್ಕಿಕೊಂಡು ಎಳೆದಾಗಲೆಲ್ಲ ಹೊಟ್ಟೆಯಲ್ಲಿ ಚುರುಕ್ಕೆನ್ನುತ್ತಿತ್ತು. ಅಮ್ಮ ಒಂದು ದಿನ ಆ ಚಿಲಕಕ್ಕೆ ಹಳೆಯ ಬಟ್ಟೆ ಸುತ್ತಿ ದಾರ ಕಟ್ಟಿದ್ದರು. ಈಗಲೂ ಅದು ಹಾಗೇ ಇದೆ.

ನನಗೆ ಈ ಕಾಯಿಲೆ ಗೊತ್ತಾದದ್ದು 1997ರಲ್ಲಿ, ಹತ್ತನೆಯ ವಯಸ್ಸಿನಲ್ಲಿ. ಅದೇ ವರ್ಷ ವೇಗದ ಬೌಲರ್ ವಾಸಿಂ ಅಕ್ರಂ ಅವರಿಗೂ ಗೊತ್ತಾಯಿತು. ಮ್ಯಾಚ್ ಬಂದರೆ ಅಪ್ಪ ನನ್ನನ್ನು ಟಿವಿ ಮುಂದೆ ಕೂರಿಸಿ, "ನೋಡು, ಹೇಗೆ ಓಡಿ ಬರ್ತಾರೆ," ಎನ್ನುತ್ತಿದ್ದರು. ಅಮ್ಮನದು ಬೇರೆ ಕೆಲಸ. ಸೀಸೆಯಲ್ಲಿ ಮಿಲಿಲೀಟರಿಗೆ 40 ಯೂನಿಟ್, ಸಿರಿಂಜಿನದು ಕೆಂಪು ಮುಚ್ಚಳ. ಕಿಟಕಿಯ ಬೆಳಕಿಗೆ ಹಿಡಿದು, ಗುಳ್ಳೆ ಹೋಗುವವರೆಗೆ ಉಗುರಿನಿಂದ ತಟ್ಟುತ್ತಿದ್ದರು. ರಾತ್ರಿ ಎರಡು ಗಂಟೆಗೆ ಎದ್ದು ಬಂದು ನನ್ನ ಕುತ್ತಿಗೆಯ ಹಿಂದೆ ಕೈಯಿಟ್ಟು ನೋಡುತ್ತಿದ್ದರು. ಅಲ್ಲಿ ತಣ್ಣನೆಯ ಬೆವರಿದ್ದರೆ ಎಬ್ಬಿಸಿ ಸಕ್ಕರೆ ನೀರು ಕುಡಿಸುವುದು, ಇಲ್ಲದಿದ್ದರೆ ಹೊದಿಕೆ ಸರಿಮಾಡಿ ಹೋಗುವುದು.

1922ರ ಜನವರಿಗೆ ಮುಂಚೆ ಯಾವ ಅಮ್ಮನಿಗೂ ಇಷ್ಟು ಕೂಡ ಕೈಲಾಗುತ್ತಿರಲಿಲ್ಲ. ಮಕ್ಕಳನ್ನು ಉಪವಾಸ ಕೆಡವಿ ಸಾವನ್ನು ಕೆಲವು ತಿಂಗಳು ಮುಂದೂಡುವುದೇ ಮದ್ದಾಗಿತ್ತು. ಆ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಕೊಟ್ಟರು. ಮೊದಲ ಸಲ ಒಗ್ಗಲಿಲ್ಲ. ಹನ್ನೆರಡು ದಿನ ಬಿಟ್ಟು, ಶುದ್ಧ ಮಾಡಿದ್ದನ್ನು ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಮರುವರ್ಷ ಇನ್ಸುಲಿನ್ ಕಂಡುಹಿಡಿದವರು ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ನನ್ನ ಸೊಂಟದ ಪಂಪಿಗೆ ಲಕ್ಷಗಟ್ಟಲೆ ಬೆಲೆ. ಅದನ್ನು ಕೊಳ್ಳಲಾಗದೆ, ಫ್ರಿಜ್ ಕೂಡ ಇಲ್ಲದೆ ಮಣ್ಣಿನ ಮಡಕೆಯ ನೀರಿನ ತಂಪಿನಲ್ಲಿ ಇನ್ಸುಲಿನ್ ಇಟ್ಟುಕೊಳ್ಳುವ ಮಕ್ಕಳು ನಮ್ಮ ಹಳ್ಳಿಗಳಲ್ಲಿದ್ದಾರೆ. ಬೆಳಗಿನ ಈ ಮೌನದಲ್ಲಿ ಅವರ ನೆನಪು ಬಾರದ ದಿನವಿಲ್ಲ. ಅವರಲ್ಲೂ ಓಡುವ ಕಾಲುಗಳಿವೆ.

ನಿನ್ನೆ ಭಾನುವಾರ 18 ಕಿಲೋಮೀಟರ್ ಓಡಿದೆ. ಉದ್ದ ಓಡಿದ ದಿನ ಸ್ನಾಯುಗಳು ರಾತ್ರಿಯೆಲ್ಲ ಸಕ್ಕರೆ ಎಳೆದುಕೊಳ್ಳುತ್ತಲೇ ಇರುತ್ತವೆ. ಹಾಗಾಗಿ ಮಲಗುವ ಮುಂಚೆ ಐದರಲ್ಲೊಂದು ಪಾಲು ಇಳಿಸಿದ್ದೆ. ಸಕ್ಕರೆ ಇಳಿದರೆ ಅಲಾರಂ ಕೂಗುತ್ತದೆ, ನಾನು ಏಳುತ್ತೇನೆ, ಅಮ್ಮನಿಗೆ ಇದೆಲ್ಲ ಗೊತ್ತು. ಆದರೂ ನಡುರಾತ್ರಿ ಕುತ್ತಿಗೆಯ ಹಿಂದೆ ಅವರ ಕೈ ಬಂತು. ಒಂದು ಕ್ಷಣ ನಿಂತು ಹೋಯಿತು. ನಾನು ಕಣ್ಣು ತೆರೆಯಲಿಲ್ಲ.

ಐದೂ ಐವತ್ತು. ಅಮ್ಮ ಕಾಫಿ ಲೋಟ ಹಿಡಿದು ಬಂದು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು. ಪಂಪಿನ ಪುಟ್ಟ ಪರದೆಯತ್ತ ಬಾಗಿ ಕನ್ನಡಕ ಸರಿಮಾಡಿಕೊಂಡರು. 142. ಪಕ್ಕದ ಬಾಣ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

"ಹೊರಡು, ಬೆಳಕಾಯ್ತು," ಎಂದರು.