ಒಗರು ಮತ್ತು ಕಷಾಯ

ಕಷಾಯವೆಂಬ ಶಬ್ದಕ್ಕೆ ವೈದ್ಯಶಾಸ್ತ್ರದಲ್ಲಿ ಒಗರು ರಸವೆಂದು ಅರ್ಥ. ಜಿನಾಗಮದಲ್ಲಿ ಕ್ರೋಧ, ಮಾನ, ಮಾಯಾ, ಲೋಭಗಳೆಂದು ಅರ್ಥ. ಆಲ ಮೊದಲಾದವುಗಳ ಒಗರು ರಸವು ಅಂಟಿಗೆ ಕಾರಣವಾಗುವಂತೆ, ಕ್ರೋಧಾದಿಗಳು ಆತ್ಮನಿಗೆ ಕರ್ಮವು ಅಂಟಲು ಕಾರಣವಾಗುತ್ತವೆ. ಈ ಸಾದೃಶ್ಯವನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ.

ಒಗರಿಗೆ ಮುಖ್ಯ ಕಾರಣವಾದ ದ್ರವ್ಯವನ್ನು ಇಂದಿನ ವಿಜ್ಞಾನವು ಟ್ಯಾನಿನ್ ಎಂದು ಕರೆಯುತ್ತದೆ. ಅಳಲೆಕಾಯಿ, ನೆಲ್ಲಿ, ದಾಳಿಂಬೆಯ ಸಿಪ್ಪೆ, ಅಡಿಕೆ, ಚಹಾದ ಎಲೆ, ಜಾಲಿಯ ತೊಗಟೆ ಇವುಗಳಲ್ಲಿ ಅದು ಹೇರಳವಾಗಿದೆ. ಒಣಗಿದ ಅಳಲೆಯಲ್ಲಿ ನೂರಕ್ಕೆ ಸುಮಾರು 30 ಪಾಲು ಇರುವುದುಂಟು. ಅಂಟುವುದೇ ಇದರ ಸ್ವಭಾವ. ಪ್ರೋಟೀನಿಗೆ ಅಂಟಿ ನಾಲಗೆಯನ್ನು ಬಿಗಿಯುತ್ತದೆ. ಕಬ್ಬಿಣಕ್ಕೆ ಅಂಟಿ ಮಸಿಯಾಗುತ್ತದೆ.

ಶ್ರಾವಕರ ಮನೆಗಳಲ್ಲಿ ಅಳಲೆಯು ನೀರನ್ನು ಪ್ರಾಸುಕಗೊಳಿಸುವ ಸಾಧನ. ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಅಳಲೆ, ಲವಂಗಾದಿಗಳಿಂದ ವರ್ಣ, ಗಂಧ, ರಸಗಳು ಬದಲಾದ ನೀರಿಗೆ ಎರಡು ಪ್ರಹರ, ಅಂದರೆ 6 ಗಂಟೆ. ಕುದಿಸಿದ ನೀರಿಗೆ 24 ಗಂಟೆ. ಇದೆಲ್ಲದರ ಉದ್ದೇಶ ಜೀವದಯೆ. ಆರೋಗ್ಯವಂತರಿಗೆ ಇಷ್ಟು ಅಲ್ಪ ಒಗರಿನಿಂದ ಬಾಧೆಯಿಲ್ಲ.

ಆದರೆ ರಕ್ತಹೀನತೆಯಿಂದ ಬಳಲುವ ಶ್ರಾವಿಕೆಯೊಬ್ಬಳು ದೀರ್ಘಕಾಲ ಏಕಾಶನ ಹಿಡಿದು, ಅನ್ನವನ್ನೂ ನೀರನ್ನೂ ಒಂದೇ ಹೊತ್ತಿನಲ್ಲಿ ಸೇವಿಸುವಾಗ ಪ್ರಶ್ನೆಯೇಳುತ್ತದೆ. ಒಗರು ಗಾಢವಾದಷ್ಟೂ ಸೊಪ್ಪು, ಬೇಳೆಗಳ ಕಬ್ಬಿಣಾಂಶವು ದೇಹಕ್ಕೆ ದಕ್ಕುವುದು ಕಡಿಮೆಯಾಗುತ್ತದೆ. ಚಹಾದ ಟ್ಯಾನಿನ್ ಇದೇ ರೀತಿ ತಡೆಯೊಡ್ಡುವುದನ್ನು 1975ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಅದಕ್ಕೂ ಬಹು ಹಿಂದೆಯೇ, ಉಪವಾಸದಿಂದ ಕೃಶರಾದವರು, ಗರ್ಭಿಣಿಯರು, ರಕ್ತ ಕಳೆದುಕೊಂಡವರು ಅಳಲೆಯನ್ನು ಸೇವಿಸಬಾರದೆಂದು ಭಾವಪ್ರಕಾಶವು ವಿಧಿಸಿದೆ.

ಹಾಗಾದರೆ ಅಂಥವಳು ವ್ರತವನ್ನು ಬಿಡಬೇಕೇ? ಬಿಡಬೇಕಾಗಿಲ್ಲ. ಸೋಸಿ ಕುದಿಸಿದ ನೀರನ್ನು ಆಚಾರವೇ ಒಪ್ಪಿದೆ. ಆಹಾರದೊಡನೆ ನಿಂಬೆಯ ರಸವಿದ್ದರೆ ಕಬ್ಬಿಣಾಂಶ ದಕ್ಕಲು ಅನುಕೂಲ. ವೈದ್ಯರ ಸಲಹೆಯನ್ನು ಪಡೆದು, ಶಕ್ತಿಯನ್ನು ಅರಿತು ನಡೆಯುವುದರಿಂದ ವ್ರತಕ್ಕೆ ಭಂಗವಿಲ್ಲ. ಜಲಕಾಯ ಜೀವಗಳಿಗೆ ಮರುಗುವ ದಯೆಯು ತನ್ನ ದೇಹದಲ್ಲಿರುವ ಜೀವವನ್ನು ಮರೆಯುವುದು ದಯೆಯ ಪೂರ್ಣತೆಯಲ್ಲ.

“ನಮ್ಮ ಮನೆಯಲ್ಲಿ ಅಳಲೆಯ ನೀರೇ ನಡೆದುಬಂದಿದೆ” ಎಂದು ಹಿರಿಯರು ಹಟ ಹಿಡಿದರೆ, ಅಲ್ಲಿ ರಕ್ಷಣೆಯಾಗುವುದು ವ್ರತವಲ್ಲ, ಮಾನ. ಸಾಧನವನ್ನೇ ಸಾಧ್ಯವೆಂದು ಭಾವಿಸಿದಾಗ ಧರ್ಮಕ್ರಿಯೆಯಲ್ಲಿಯೂ ಕಷಾಯವು ಪ್ರವೇಶಿಸುತ್ತದೆ. ನೀರಿನ ಒಗರು ನಾಲಗೆಯಿಂದ ಕ್ಷಣದಲ್ಲಿ ತೊಲಗುತ್ತದೆ. ಮಾನದ ಒಗರು ಭವಭವಕ್ಕೂ ಅಂಟಿಬರುತ್ತದೆ. ವ್ರತಿಯು ಮೊದಲು ಸೋಸಬೇಕಾದುದು ಅದನ್ನು.