ಅಚ್ಚಾಗದ ಸುದ್ದಿಯ ಧರ್ಮಸಂಕಟ

ಸತ್ಯವನ್ನೇ ನುಡಿಯಬೇಕೆಂಬ ವಿಷಯದಲ್ಲಿ ಯಾವ ಮತಧರ್ಮಕ್ಕೂ ಭಿನ್ನಾಭಿಪ್ರಾಯವಿಲ್ಲ. ತೊಡಕಿರುವುದು, ತಿಳಿದ ಸತ್ಯವನ್ನೆಲ್ಲ ನುಡಿಯಲೇಬೇಕೆ ಎಂಬಲ್ಲಿ. ಸಾಮಾನ್ಯ ಗೃಹಸ್ಥನಿಗೆ ಈ ಪ್ರಶ್ನೆ ಅಪರೂಪಕ್ಕೊಮ್ಮೆ ಎದುರಾದೀತು. ಸುದ್ದಿಯನ್ನು ಅಚ್ಚು ಮಾಡಿ ಮನೆಮನೆಗೆ ತಲಪಿಸುವುದೇ ಕಸುಬಾದವರಿಗೆ ಅದು ಪ್ರತಿ ವಾರವೂ ಎದುರಾಗುತ್ತದೆ. ಅವರಲ್ಲಿಯೂ ಸಣ್ಣ ಊರಿನ ವಾರಪತ್ರಿಕೆಯಲ್ಲಿ ದುಡಿಯುವವರ ಪಾಡು ಬೇರೆ. ಮಹಾನಗರದ ವರದಿಗಾರನು ತಾನು ಯಾರ ವಿಷಯ ಬರೆದನೋ ಅವರ ಮುಖವನ್ನು ಮತ್ತೆ ನೋಡದೆಯೇ ಇರಬಹುದು. ಸಣ್ಣ ಊರಿನಲ್ಲಿ ಅವರು ಮರುದಿನವೇ ಅಂಗಡಿಯಲ್ಲಿ ಪಕ್ಕದಲ್ಲಿ ನಿಂತಿರುತ್ತಾರೆ. ಅವರೇ ಚಂದಾದಾರರು, ಅವರೇ ಜಾಹೀರಾತು ಕೊಡುವವರು, ಒಮ್ಮೊಮ್ಮೆ ನೆಂಟರೂ ಹೌದು.

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಸುಮಾರು 1,900 ಜನಸಂಖ್ಯೆಯ ಮೇರಿಯನ್ ಎಂಬ ಊರಿದೆ. ಅಲ್ಲಿಯ ವಾರಪತ್ರಿಕೆ ‘ಮೇರಿಯನ್ ಕೌಂಟಿ ರೆಕಾರ್ಡ್’ 1869ರಲ್ಲಿ ಆರಂಭವಾದುದು. ಬಿಲ್ ಮೇಯರ್ ಎಂಬವರು 1948ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿ ಮುಂದೆ ಸಂಪಾದಕರಾದರು. ಅವರ ಪತ್ನಿ ಜೋನ್ 1960ರ ದಶಕದಿಂದ ಅದೇ ಕಚೇರಿಯಲ್ಲಿ ವರದಿ, ಅಂಕಣ, ಸಂಪಾದನೆ ಎಂದು ದಶಕಗಟ್ಟಲೆ ದುಡಿದರು. 1998ರಲ್ಲಿ ಪತ್ರಿಕೆಯು ಹೊರಗಿನ ಸಂಸ್ಥೆಯ ಪಾಲಾಗದಿರಲೆಂದು ಆ ಕುಟುಂಬವೇ ಅದನ್ನು ಕೊಂಡುಕೊಂಡಿತು. ಲಾಭನಷ್ಟ ತೂಗಿ ಬಂಡವಾಳ ಹೂಡುವ ವರ್ತಕನು ಇಂತಹ ಖರೀದಿಯನ್ನು ಸುಲಭವಾಗಿ ಮೆಚ್ಚಲಾರನು. ಆದರೆ ಎಲ್ಲ ಬಂಡವಾಳವೂ ಬಡ್ಡಿಗಾಗಿ ಹೂಡಿದುದಲ್ಲ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮವನ್ನು ಬೋಧಿಸಿದ್ದ ಅವರ ಮಗ ಎರಿಕ್ ಮೇಯರ್ ಊರಿಗೆ ಮರಳಿ ಪತ್ರಿಕೆಯ ಹೊಣೆ ಹೊತ್ತರು.

2023ರ ಆಗಸ್ಟ್ ತಿಂಗಳ ಆರಂಭದಲ್ಲಿ ಊರಿನ ಉಪಾಹಾರಗೃಹವೊಂದರಲ್ಲಿ ಆ ಭಾಗದ ಸಂಸದರ ಸಾರ್ವಜನಿಕ ಭೇಟಿಯ ಕಾರ್ಯಕ್ರಮವಿತ್ತು. ಮಾಲೀಕಳ ಇಚ್ಛೆಯಂತೆ ಪತ್ರಿಕೆಯವರನ್ನು ಅಲ್ಲಿಂದ ಹೊರಗೆ ಕಳುಹಿಸಲಾಯಿತು. ಇದಾದ ಮೇಲೆ ಪತ್ರಿಕೆಗೆ ಹೊರಗಿನಿಂದ ಒಂದು ದಾಖಲೆ ಬಂದಿತು. ಆಕೆ ಹಲವು ವರ್ಷಗಳ ಹಿಂದೆ ಮದ್ಯಪಾನ ಮಾಡಿ ವಾಹನ ನಡೆಸಿ ಶಿಕ್ಷೆಗೊಳಗಾಗಿದ್ದಳೆಂದೂ, ಆಕೆಯ ಚಾಲನಾ ಪರವಾನಗಿ ರದ್ದಾಗಿತ್ತೆಂದೂ ಅದರಲ್ಲಿತ್ತು. ಆಗ ಆಕೆ ಮದ್ಯ ಪೂರೈಕೆಯ ಪರವಾನಗಿಗಾಗಿ ಪ್ರಯತ್ನಿಸುತ್ತಿದ್ದಳು. ವರದಿಗಾರ್ತಿಯೊಬ್ಬರು ಸರ್ಕಾರಿ ಜಾಲತಾಣದಲ್ಲಿ ಪರಿಶೀಲಿಸಿದಾಗ ದಾಖಲೆ ನಿಜವೆಂದು ತಿಳಿಯಿತು. ಕೈಯಲ್ಲಿ ಸತ್ಯವಿತ್ತು, ಅಪಮಾನದ ಗಾಯವೂ ಹಸಿಯಾಗಿತ್ತು. ಆದರೂ ಎರಿಕ್ ಮೇಯರ್ ಅದನ್ನು ಅಚ್ಚು ಮಾಡಲಿಲ್ಲ. ವಿವಾಹ ವಿಚ್ಛೇದನದ ಜಗಳದಲ್ಲಿ ಒಂದು ಪಕ್ಷಕ್ಕೆ ಪತ್ರಿಕೆಯನ್ನು ಆಯುಧವಾಗಿಸುವ ಹಂಚಿಕೆ ಇದಾಗಿರಬಹುದೆಂಬ ಶಂಕೆ ಅವರಿಗಿತ್ತು. ದಾಖಲೆ ತಮಗೆ ಬಂದ ಸಂಗತಿಯನ್ನು ಪೊಲೀಸರಿಗೆ ತಿಳಿಸಿ ಸುಮ್ಮನಾದರು.

ಶ್ರಾವಕಾಚಾರದ ಪರಿಚಯವುಳ್ಳವರಿಗೆ ಈ ನಿರ್ಧಾರ ಅಪರಿಚಿತವೆನಿಸದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಸತ್ಯಾಣುವ್ರತವನ್ನು ಹೇಳುವಾಗ, ಸ್ಥೂಲ ಅಸತ್ಯವನ್ನು ಬಿಡುವುದರೊಂದಿಗೆ ಪರರಿಗೆ ವಿಪತ್ತು ತರುವ ಸತ್ಯವನ್ನೂ ನುಡಿಯದಿರುವುದನ್ನು ಸೇರಿಸಿದ್ದಾರೆ. ಸುಳ್ಳು ಬರಹದ ಜೊತೆಯಲ್ಲೇ ಗುಟ್ಟನ್ನು ಬಯಲು ಮಾಡುವುದೂ, ಚಾಡಿ ಹೇಳುವುದೂ ಆ ವ್ರತದ ಅತಿಚಾರಗಳು. ಚಾಡಿಯೆಂಬುದು ಬಹುಮಟ್ಟಿಗೆ ನಿಜವೇ ಆಗಿರುತ್ತದೆ. ಅದರ ದೋಷ ಮಾತಿನಲ್ಲಿಲ್ಲ, ಮಾತನ್ನು ಸಾಗಿಸುವವನ ಉದ್ದೇಶದಲ್ಲಿದೆ. ಕನ್ನಡನಾಡಿನ ಶ್ರಾವಕರನ್ನು ಕಂಡೇ ಇರದ ಸಂಪಾದಕರೊಬ್ಬರು, ಸುದ್ದಿ ನಿಜವೇ ಎಂದು ಕೇಳಿದ ಮೇಲೆ, ಇದನ್ನು ಇಲ್ಲಿಗೆ ತಂದವರಾರು, ಏತಕ್ಕೆ ಎಂಬ ಎರಡನೆಯ ಪ್ರಶ್ನೆಯನ್ನೂ ಕೇಳಿದರು.

ಆದರೆ ಇದಕ್ಕೊಂದು ಪ್ರತಿವಾದವುಂಟು, ಅದು ದುರ್ಬಲವೂ ಅಲ್ಲ. ಪರವಾನಗಿಯಿಲ್ಲದೆ ವಾಹನ ನಡೆಸುವುದು ಕೇವಲ ಮನೆಯ ಗುಟ್ಟಲ್ಲ. ದಾರಿಯಲ್ಲಿ ಹೋಗುವ ಮಕ್ಕಳಿಗೂ ಅದರ ಸಂಬಂಧವಿದೆ. ಮದ್ಯದ ಪರವಾನಗಿಯ ವಿಷಯ ಊರಿನ ಆಡಳಿತದ ಮುಂದೆಯೂ ಬರುವಂಥದು, ಆ ಆಡಳಿತ ಜನರದು. ಒಬ್ಬರ ವಿಪತ್ತನ್ನು ತಪ್ಪಿಸಿದ ಮೌನವು ಹಲವರ ವಿಪತ್ತಿಗೆ ದಾರಿಯಾದರೆ ಅದನ್ನು ಅಹಿಂಸೆಯೆನ್ನಬಹುದೆ? ಇಲ್ಲಿ ಮೇಯರ್ ಹಿಡಿದ ನಡುದಾರಿ ವಿಚಾರಯೋಗ್ಯ. ಬಯಲು ಮಾಡಬೇಕಾದ ಭಾಗವನ್ನು ಕಾನೂನಿನ ಹೊಣೆ ಹೊತ್ತವರ ಮುಂದಿಟ್ಟರು, ಸಂತೆಯಲ್ಲಿ ಸಾರಲಿಲ್ಲ. ಪತ್ರಿಕೆ ಊರಿನ ಕಾವಲಿಗಿರುವುದೇ ಹೊರತು ಪೊಲೀಸರ ಕೈಯಾಳಾಗಿ ಅಲ್ಲವೆಂದು ಆಕ್ಷೇಪಿಸುವವರೂ ಇದ್ದಾರು. ಆ ಆಕ್ಷೇಪಕ್ಕೆ ಪೂರ್ಣ ಸಮಾಧಾನವಿಲ್ಲ.

ಅವರ ಬಳಿ ಅಚ್ಚಾಗದ ಮತ್ತೊಂದು ಸುದ್ದಿಯೂ ಇತ್ತು. ಹೊಸದಾಗಿ ಬಂದ ಪೊಲೀಸ್ ಮುಖ್ಯಸ್ಥರು ಹಿಂದಿನ ಊರಿನಲ್ಲಿ ಹೇಗೆ ನಡೆದುಕೊಂಡಿದ್ದರೆಂದು ಪತ್ರಿಕೆ ವಿಚಾರಿಸುತ್ತಿತ್ತು. ದೂರು ಹೇಳಿದವರಲ್ಲಿ ಯಾರೂ ಹೆಸರು ಕೊಡಲು ಸಿದ್ಧರಿರಲಿಲ್ಲವಾಗಿ ಅದನ್ನೂ ಪ್ರಕಟಿಸಲಿಲ್ಲ. ಲೆಕ್ಕದ ಪುಸ್ತಕದಲ್ಲಿ ರಸೀದಿಯಿಲ್ಲದ ಮೊತ್ತವನ್ನು ಬರೆಯದ ಗುಮಾಸ್ತನ ಶಿಸ್ತು ಇದು. ಮೊದಲನೆಯ ಮೌನ ದಯೆಯದು, ಎರಡನೆಯದು ಪ್ರಮಾಣದ ಕೊರತೆಯದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಡಲಾಗದು. ಮೂರನೆಯದೊಂದು ಮೌನ ವರ್ತಕರಿಗೆ ಚೆನ್ನಾಗಿ ಗೊತ್ತು: ಜಾಹೀರಾತು ಕೊಡುವವನ ವಿಷಯ ಬರೆಯದಿರುವುದು. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ ಬಗೆಯಾಗಿ ಕಾಣುತ್ತವೆಯೆಂಬುದೇ ಈ ಕಸುಬಿನ ಕಷ್ಟ.

ಆಗಸ್ಟ್ 7ರ ಪುರಸಭೆಯ ಸಭೆಯಲ್ಲಿ ಉಪಾಹಾರಗೃಹದ ಮಾಲೀಕಳು, ಪತ್ರಿಕೆಯವರು ತನ್ನ ಮಾಹಿತಿಯನ್ನು ಅಕ್ರಮವಾಗಿ ಪಡೆದರೆಂದು ಬಹಿರಂಗವಾಗಿ ಆಪಾದಿಸಿದಳು. ಆಗಸ್ಟ್ 11ರಂದು ಪೊಲೀಸರು ನ್ಯಾಯಾಲಯದ ಶೋಧನಾ ಆಜ್ಞೆ ಹಿಡಿದು ಪತ್ರಿಕಾ ಕಚೇರಿಗೂ ಮೇಯರರ ಮನೆಗೂ ನುಗ್ಗಿ ಗಣಕಯಂತ್ರಗಳನ್ನೂ ದೂರವಾಣಿಗಳನ್ನೂ ವಶಪಡಿಸಿಕೊಂಡರು. ಪುರಸಭೆಯ ಸದಸ್ಯೆಯೊಬ್ಬರ ಮನೆಯೂ ಶೋಧಕ್ಕೊಳಗಾಯಿತು. 98 ವರ್ಷದ ಜೋನ್ ಮೇಯರ್ ವಾಕರಿನ ಆಸರೆಯಲ್ಲಿ ನಿಂತು ಪೊಲೀಸರನ್ನು ಮನೆಯಿಂದ ಹೊರಗೆ ಹೋಗಿರೆಂದು ಗದರಿಸಿದ ದೃಶ್ಯ ಆ ಮನೆಯ ಛಾಯಾಯಂತ್ರದಲ್ಲಿ ಉಳಿದಿದೆ. ಮರುದಿನ ಅವರು ತೀರಿಕೊಂಡರು. ದಾಳಿಯ ಆಘಾತವೇ ತಾಯಿಯ ಸಾವಿಗೆ ಕಾರಣವೆಂದು ಮಗನು ಹೇಳಿದರು.

ಇದಾದ ಐದನೆಯ ದಿನ ಸಂಚಿಕೆ ಹೊರಬರಬೇಕಾಗಿತ್ತು. ಜಾಹೀರಾತುಗಳು, ಹಿಂದಿನ ಪುಟಗಳು, ಅರೆಬರೆ ವರದಿಗಳು, ಎಲ್ಲವೂ ಪೊಲೀಸರು ಒಯ್ದ ಯಂತ್ರಗಳಲ್ಲಿದ್ದುವು. ಇದ್ದ ಬೆರಳೆಣಿಕೆಯ ಸಿಬ್ಬಂದಿ ಮತ್ತು ನೆರವಿಗೆ ಬಂದವರು ಸೇರಿ ಮೊದಲಿನಿಂದ ಎಲ್ಲವನ್ನೂ ಕಟ್ಟಿ, ರಾತ್ರಿಯೆಲ್ಲ ದುಡಿದು, ಆಗಸ್ಟ್ 16ರ ಸಂಚಿಕೆಯನ್ನು ತಪ್ಪದೆ ಹೊರತಂದರು. ವಶಪಡಿಸಿಕೊಂಡರೂ ಬಾಯಿ ಮುಚ್ಚಿಸಲಾಗಲಿಲ್ಲವೆಂಬುದು ಅದರ ಮುಖಪುಟದ ಶೀರ್ಷಿಕೆಯ ಭಾವ. ಅದೇ ದಿನ ಸರ್ಕಾರಿ ವಕೀಲರು ಸಾಕಷ್ಟು ಆಧಾರವಿಲ್ಲವೆಂದು ಶೋಧನಾ ಆಜ್ಞೆಯನ್ನು ಹಿಂದಕ್ಕೆ ಪಡೆದರು. ಪೊಲೀಸ್ ಮುಖ್ಯಸ್ಥರು ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರು. ಪತ್ರಿಕೆಯವರು ಯಾವ ಅಪರಾಧವನ್ನೂ ಮಾಡಿರಲಿಲ್ಲವೆಂದು 2024ರ ಆಗಸ್ಟಿನಲ್ಲಿ ವಿಶೇಷ ಅಭಿಯೋಜಕರ ವರದಿ ತಿಳಿಸಿತು. 2025ರ ನವೆಂಬರಿನಲ್ಲಿ ಕೌಂಟಿಯ ಆಡಳಿತವು 30 ಲಕ್ಷ ಡಾಲರಿಗೂ ಮಿಕ್ಕ ಪರಿಹಾರಕ್ಕೆ ಒಪ್ಪಿತು. ದಾಳಿಯಲ್ಲಿ ಪಾಲ್ಗೊಂಡುದಕ್ಕಾಗಿ ಅಲ್ಲಿಯ ಷೆರಿಫರ ಕಚೇರಿ ವಿಷಾದ ಸೂಚಿಸಿತು.

ಸುದ್ದಿಯನ್ನು ಮೊದಲೇ ಅಚ್ಚು ಮಾಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೆಂದು ಹೇಳುವವರಿದ್ದಾರೆ. ಇರಬಹುದು. ಆದರೆ ಫಲವನ್ನು ನೋಡಿ ಹಿಂದಿನ ನಿರ್ಣಯವನ್ನು ಅಳೆಯುವುದು ನ್ಯಾಯವಲ್ಲ. ದಾನ ಪಡೆದವನು ಕೇಡು ಮಾಡಿದನೆಂದು ದಾನವೇ ದೋಷವಾಗದು. ಆ ಮೌನದಿಂದ ಅವರಿಗೆ ಕಾಸಿನ ಲಾಭವೂ ಇರಲಿಲ್ಲ, ಅವಮಾನಿಸಿದವಳ ಮೇಲೆ ಹಗೆ ತೀರಿಸಿಕೊಂಡ ತೃಪ್ತಿಯೂ ಇರಲಿಲ್ಲ. ಮಾಲೀಕಳು ತುಂಬಿದ ಸಭೆಯಲ್ಲಿ ಆಪಾದಿಸಿದ ಮೇಲೆ ಮಾತ್ರ, ತಮ್ಮ ಕಚೇರಿಯಲ್ಲಿ ನಡೆದುದೇನೆಂದು ಅವರು ಓದುಗರಿಗೆ ಬರೆದು ತಿಳಿಸಿದರು.